ಬಾಲ್ಕನಿಯ ಸವಾರ

ನಮ್ಮ ಮನೆಯಲ್ಲಿ ಮೂರು ಸೈಕಲ್ಲುಗಳಿವೆ. ಮೂರರಲ್ಲಿ ಹೆಚ್ಚು ಬೆಲೆಯದು ನನ್ನದು. ಹೆಚ್ಚು ಗೇರುಗಳಿರುವುದೂ ನನ್ನದೇ. ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರ್ ರೋಮ ಇರುತ್ತದಲ್ಲ, ಅದು ಇನ್ನೂ ಉದುರದೆ ಉಳಿದಿರುವುದು ನನ್ನ ಸೈಕಲ್ಲಿನಲ್ಲಿ ಮಾತ್ರ. ಕೊಂಡು ವರ್ಷಗಳಾದವು. ಇದನ್ನು ನಾನು ಸಂರಕ್ಷಣೆ ಎನ್ನುತ್ತೇನೆ. ಮನೆಯ ಉಳಿದಿಬ್ಬರು ಬೇರೆ ಏನೋ ಅನ್ನುತ್ತಾರೆ.

ಟೊರಾಂಟೋದ ಪೂರ್ವ ಭಾಗದಲ್ಲಿ, ಮೇನ್ ಸ್ಟ್ರೀಟ್ ಸಬ್‌ವೇ ನಿಲ್ದಾಣಕ್ಕೆ ನಡೆದು ಹೋಗಬಹುದಾದಷ್ಟು ದೂರದಲ್ಲಿ ನಮ್ಮ ಅಪಾರ್ಟ್‌ಮೆಂಟು. ಕಾರಿಲ್ಲ. ಕೆನಡಾದಲ್ಲಿದ್ದೂ ಕಾರಿಲ್ಲ ಎಂದರೆ ಮೈಸೂರಿನ ನೆಂಟರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ "ಕೆಲಸ ಇದೆ ತಾನೇ?" ಎಂದು ಮೆತ್ತಗೆ ಕೇಳುತ್ತಾರೆ. ನಾನು ಅವರಿಗೆ ಇಂಗಾಲ, ಹವಾಮಾನ, ನಗರ ಯೋಜನೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಇನ್ಶೂರೆನ್ಸಿನ ಕಂತು ಮತ್ತು ಹೆದ್ದಾರಿಯಲ್ಲಿ ಲೇನ್ ಬದಲಿಸುವಾಗ ನನ್ನ ಮೊಣಕಾಲಿಗೆ ಬರುವ ನಡುಕ, ಇವೆರಡನ್ನು ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿ ಸೇರಿಸುತ್ತಾಳೆ. ನಡುಗದೆ ಇನ್ನೇನು? 401ನೇ ಹೆದ್ದಾರಿ ಟೊರಾಂಟೋದೊಳಗೆ ಕೆಲವು ಕಡೆ 18 ಲೇನ್ ಅಗಲ. ನಮ್ಮ ಕಡೆ ಅಷ್ಟು ಜಾಗ ಸಿಕ್ಕಿದ್ದರೆ ಒಂದು ಬಡಾವಣೆ ಎಬ್ಬಿಸಿ, ಮಧ್ಯೆ ಗಣಪತಿ ದೇವಸ್ಥಾನ ಕಟ್ಟಿ, ಸೈಟುಗಳನ್ನು ಹಂಚಿಯೇ ಬಿಡುತ್ತಿದ್ದರು.

ಹಾಗಾಗಿ ಸೈಕಲ್ಲು. ಹೆಂಡತಿಯದು ಪಕ್ಕದ ಬೀದಿಯಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ ಅರವತ್ತು ಡಾಲರಿಗೆ ಕೊಂಡದ್ದು. ಬಣ್ಣ ನೇರಳೆ. ಕಂಪನಿ ಯಾವುದೆಂದು ಯಾರಿಗೂ ಗೊತ್ತಿಲ್ಲ, ಅಕ್ಷರಗಳು ಸವೆದುಹೋಗಿವೆ. ಮುಂದೊಂದು ಬುಟ್ಟಿ. ಕೊಂಡ ಸಂಜೆಯೇ ಅದರ ಮೇಲೆ ಕೂತು ಹಾಲು ತರಲು ಹೋದಳು. ಒಂಟಾರಿಯೋದಲ್ಲಿ ನಾಲ್ಕು ಲೀಟರ್ ಹಾಲು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ದೊಡ್ಡ ಚೀಲದೊಳಗೆ ಮೂರು ಸಣ್ಣ ಚೀಲ. ಬುಟ್ಟಿಗೆ ಅದು ಅಳತೆ ತೆಗೆದಿಟ್ಟಷ್ಟು ಸರಿಯಾಗಿ ಕೂತಿತು. ಅಷ್ಟೇ, ಅವಳ ಸೈಕಲ್ ಜೀವನ ಶುರುವಾಗಿಹೋಯಿತು. ಸಂಶೋಧನೆ ಇಲ್ಲ, ಸಿದ್ಧತೆ ಇಲ್ಲ.

ನಾನು ಹಾಗೆ ದುಡುಕುವವನಲ್ಲ. ಒಂದು ಇಡೀ ಚಳಿಗಾಲ ಫ್ರೇಮು, ಗೇರು, ಡಿಸ್ಕ್ ಬ್ರೇಕುಗಳ ಅಧ್ಯಯನಕ್ಕೇ ಹೋಯಿತು. ವಸಂತದಲ್ಲಿ ಸೈಕಲ್ಲು ಬಂದಾಗ ಅದರ ಜತೆ ಎರಡು ಪಕ್ಕಚೀಲ, ಮುಂದಕ್ಕೊಂದು ಬೆಳ್ಳನೆಯ ದೀಪ, ಹಿಂದಕ್ಕೊಂದು ಕೆಂಪು ದೀಪ, ಒಂದು ಪುಟ್ಟ ಪಂಪು, ಮತ್ತು ಕೂತಲ್ಲಿ ಒತ್ತಿಕೊಳ್ಳದಂತೆ ಮೆತ್ತೆ ಹೊಲಿದ ಚಡ್ಡಿಯೂ ಬಂದವು. ಗಂಟೆಯಂತೂ ಇರಲೇಬೇಕು, ಒಂಟಾರಿಯೋದ ಹೆದ್ದಾರಿ ಸಂಚಾರ ಕಾಯ್ದೆಯೇ ಹಾಗೆ ಹೇಳುತ್ತದೆ. ಮುಂದಿನ ಫೋರ್ಕಿಗೆ ಬಿಳಿಯ ಪ್ರತಿಫಲಕ ಪಟ್ಟಿ, ಹಿಂದಿನದಕ್ಕೆ ಕೆಂಪು ಪಟ್ಟಿ ಅಂಟಿಸಬೇಕೆಂದೂ ಅದರಲ್ಲಿದೆ. ದಾರಿಯಲ್ಲಿ ಹೋಗುವ ಹತ್ತು ಸೈಕಲ್ಲುಗಳಲ್ಲಿ ಒಂಬತ್ತಕ್ಕೆ ಆ ಪಟ್ಟಿ ಇರುವುದಿಲ್ಲ. ನನ್ನದಕ್ಕೆ ಅಳತೆಪಟ್ಟಿ ಹಿಡಿದು ಅಂಟಿಸಿದ್ದೇನೆ. ಹೆಲ್ಮೆಟ್ ಕಡ್ಡಾಯ ಹದಿನೆಂಟು ತುಂಬದವರಿಗೆ ಮಾತ್ರ. ನಾನು ಎರಡು ಕೊಂಡಿದ್ದೇನೆ, ಒಂದು ಮಳೆಗಾಲಕ್ಕೆ.

"ಈ ಪ್ರಾಂತ್ಯದಲ್ಲಿ ಇಷ್ಟು ಕಾನೂನುಬದ್ಧವಾದ ಸೈಕಲ್ಲು ಇನ್ನೊಂದಿಲ್ಲ" ಎಂದೆ.

"ರಸ್ತೆಗೇ ಇಳಿಯದೆ ಕಾನೂನು ಮುರಿಯೋದು ಕಷ್ಟ ಅಲ್ವಾ" ಎಂದಳು.

ಇಳಿಸಲು ನನಗೇನೂ ಅಡ್ಡಿಯಿಲ್ಲ. ಇಳಿಸಿದ ಮೇಲೆ ನಿಲ್ಲಿಸುವುದೆಲ್ಲಿ ಎನ್ನುವುದೇ ಪ್ರಶ್ನೆ. ಟೊರಾಂಟೋದ ಪಾದಚಾರಿ ದಾರಿಗಳ ಅಂಚಿಗೆ ಸೈಕಲ್ ಕಟ್ಟಲೆಂದು ಕಂಬ ನೆಟ್ಟು ಅದಕ್ಕೊಂದು ಲೋಹದ ಬಳೆ ತೊಡಿಸಿದ್ದಾರೆ. ಊರಿನ ಹೆಮ್ಮೆಯ ವಿನ್ಯಾಸ ಅದು, ಸಾವಿರಗಟ್ಟಲೆ ಇವೆ. 2006ರಲ್ಲಿ ಕಳ್ಳರು ಒಂದು ಮರದ ತುಂಡನ್ನು ಆ ಬಳೆಯೊಳಗೆ ತೂರಿಸಿ ತಿರುಚಿದರೆ ಬಳೆ ಲಟಕ್ಕನೆ ಮುರಿಯುತ್ತದೆ ಎಂದು ಕಂಡುಹಿಡಿದರು. ನೂರು ಡಾಲರಿನ ಬೀಗವನ್ನು ಯಾರೂ ಮುಟ್ಟಲಿಲ್ಲ. ಬೀಗದ ಸಮೇತ ಸೈಕಲ್ಲು ಹೋಯಿತು. ಅದಾಗಿ ಎರಡೇ ವರ್ಷಕ್ಕೆ, 2008ರಲ್ಲಿ, ಕ್ವೀನ್ ಬೀದಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಮಹಾಶಯನನ್ನು ಪೊಲೀಸರು ಹಿಡಿದಾಗ ಅವನ ಉಗ್ರಾಣಗಳಲ್ಲಿ ಸಿಕ್ಕ ಸೈಕಲ್ಲುಗಳು ಮೂರು ಸಾವಿರದ ಹತ್ತಿರ. ಈ ಎರಡು ಕಥೆಗಳನ್ನೂ ನಾನು ಮನೆಯಲ್ಲಿ ಸಾಕಷ್ಟು ಸಲ ಹೇಳಿದ್ದೇನೆ. ನೇರಳೆ ಸೈಕಲ್ಲನ್ನು ಯಾವ ಕಳ್ಳನೂ ಮೂಸುವುದಿಲ್ಲ ಎನ್ನುವುದು ಹೆಂಡತಿಯ ಭದ್ರತಾ ಸಿದ್ಧಾಂತ. ನನ್ನದು ಹಾಗಲ್ಲವಲ್ಲ. ಆದ್ದರಿಂದ ಅದು ಏಳನೆಯ ಮಹಡಿಯ ಬಾಲ್ಕನಿಯಲ್ಲಿದೆ.

ಬಾಲ್ಕನಿಯಲ್ಲಿ ಅದು ಸುಮ್ಮನೆ ನಿಂತಿದೆ ಎಂದು ಯಾರೂ ತಿಳಿಯಬಾರದು. ನಮ್ಮ ಕಟ್ಟಡದ ನಿಯಮದ ಪ್ರಕಾರ ಬಾಲ್ಕನಿಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವಂತಿಲ್ಲ. ಸೈಕಲ್ ಇಡಬಹುದು. ಸೈಕಲ್ಲಿನ ಮೇಲೆ ಟವಲ್ ಇರಕೂಡದು ಎಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಇದನ್ನು ಓದಿ ಪತ್ತೆ ಮಾಡಿದವನು ನಾನೇ. ಈಗ ಹ್ಯಾಂಡಲಿಗೆ ಲಂಗ, ನಡುವಿನ ಸರಳಿಗೆ ಪಂಚೆ, ಪಕ್ಕಚೀಲಗಳಲ್ಲಿ ಒಂದರಲ್ಲಿ ಕ್ಲಿಪ್ಪು, ಇನ್ನೊಂದರಲ್ಲಿ ಈರುಳ್ಳಿ. ನವರಾತ್ರಿಯಲ್ಲಿ ಆಯುಧಪೂಜೆಗೆ ಮೂರೂ ಸೈಕಲ್ಲುಗಳಿಗೆ ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸುತ್ತೇವೆ. ಉಳಿದೆರಡರ ಕುಂಕುಮ ಮಾರನೇ ದಿನದ ಮಳೆಗೆ ತೊಳೆದುಹೋಗುತ್ತದೆ. ನನ್ನದರ ಮೇಲೆ ಹಿಂದಿನ ವರ್ಷದ್ದರ ಮೇಲೆಯೇ ಈ ವರ್ಷದ್ದು ಇಡಬಹುದು.

ನವರಾತ್ರಿ ಮುಗಿದರೆ ಚಳಿ ಬಂದಂತೆಯೇ. ಮಂಜು ಕರಗಿಸಲು ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಉಪ್ಪು ಸರಪಳಿಯನ್ನು ತಿನ್ನುತ್ತದೆ. ಮಾರ್ಚಿ, ಏಪ್ರಿಲ್ಲಿನಲ್ಲಿ ಮಂಜು ಹೋಗಿ ಗುಂಡಿಗಳು ಹೊರಗೆ ಕಾಣುತ್ತವೆ. ಮೇ ತಿಂಗಳಲ್ಲಿ ಹೂವಿನ ಪರಾಗ, ನನಗೆ ಸೀನು. ಜುಲೈಯಲ್ಲಿ ಸೆಕೆ. ಇಷ್ಟೆಲ್ಲದರ ನಡುವೆ ಬಿಡುವು ನೋಡಿ ಒಂದು ಸಲ ಹೊರಟೆ, ಸರೋವರದವರೆಗೆ. ಆ ಸವಾರಿಯ ಬಗ್ಗೆ ವಿವರವಾಗಿ ಹೇಳುವುದು ನನ್ನ ಹಕ್ಕು.

ನಮ್ಮ ಮನೆಯಿಂದ ಒಂಟಾರಿಯೋ ಸರೋವರದ ದಡಕ್ಕೆ ದಾರಿಯುದ್ದಕ್ಕೂ ಇಳಿಜಾರು. ಪೆಡಲ್ ತುಳಿಯುವ ಅಗತ್ಯವೇ ಬೀಳಲಿಲ್ಲ. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಮೆತ್ತೆ ಚಡ್ಡಿ ತನ್ನ ಕರ್ತವ್ಯ ಮಾಡುತ್ತಿತ್ತು, ಕಾನೂನಿನ ಗಂಟೆಯನ್ನು ಎರಡು ಸಲ ಬಾರಿಸಿದೆ, ಎದುರಿಗೆ ಯಾರೂ ಇಲ್ಲದಿದ್ದರೂ. ದಡದಲ್ಲಿ ಮಾರ್ಟಿನ್ ಗುಡ್‌ಮನ್ ಪಥ ಎಂಬ ಸೈಕಲ್ ದಾರಿಯಿದೆ. ಅದರ ಪಕ್ಕದ ಬೆಂಚಿನ ಮೇಲೆ ಕೂತು ಕಾಫಿ ಕುಡಿದೆ. ಜೀವನ ಎಂದರೆ ಇದು ಎಂದುಕೊಂಡು ವಾಪಸು ತಿರುಗಿದೆ. ಇಳಿಜಾರು ಅಲ್ಲೇ ಇತ್ತು, ಈ ಬಾರಿ ತಿರುಗಾ ಮುರುಗಾ.

ಇದರಲ್ಲಿ ನನ್ನ ತಪ್ಪೇನೂ ಇಲ್ಲ ಎನ್ನುವುದಕ್ಕೆ ಭೂವಿಜ್ಞಾನದ ಆಧಾರವಿದೆ. ಹಿಮಯುಗದ ಕೊನೆಯಲ್ಲಿ ಇಲ್ಲಿ ಇರೊಕ್ವಾ ಎಂಬ ಇನ್ನೂ ದೊಡ್ಡ ಸರೋವರವಿತ್ತು. ನೀರು ಹಿಂದೆ ಸರಿದು ಈಗಿನ ಸರೋವರ ಉಳಿಯಿತು, ಹಳೆಯ ದಡ ಮಾತ್ರ ಊರಿನ ನಡುವೆ ಏರು ದಿಬ್ಬವಾಗಿ ನಿಂತಿತು. ನಮ್ಮ ಕಡೆ ಅದು ಕಿಂಗ್‌ಸ್ಟನ್ ರಸ್ತೆಯ ಆಸುಪಾಸಿಗೆ ಬರುತ್ತದೆ. ಹನ್ನೆರಡು ಹದಿಮೂರು ಸಾವಿರ ವರ್ಷದ ಹಿಂದಿನ ಅಲೆಗಳು ಕಡೆದಿಟ್ಟ ದಿಬ್ಬವನ್ನು ಐವತ್ತರ ಸಮೀಪದ ಒಬ್ಬ ಲೆಕ್ಕಿಗ ಭಾನುವಾರ ಮಧ್ಯಾಹ್ನ ತುಳಿದು ಹತ್ತಬೇಕೆಂದು ಯಾವ ಧರ್ಮದಲ್ಲಿದೆ? 64ನೇ ನಂಬರಿನ ಬಸ್ಸು ಬಂತು.

ಇಲ್ಲಿನ ಬಸ್ಸುಗಳ ಮೂತಿಗೆ ಎರಡು ಸೈಕಲ್ ಇಡುವಷ್ಟು ಕಬ್ಬಿಣದ ತಟ್ಟೆಯೊಂದನ್ನು ಮಡಚಿ ಇಟ್ಟಿರುತ್ತಾರೆ. ಹಿಡಿಕೆ ಹಿಂಡಿ ಎಳೆದರೆ ತಟ್ಟೆ ಬಿಚ್ಚಿಕೊಳ್ಳುತ್ತದೆ. ಸೈಕಲ್ ಎತ್ತಿಟ್ಟು ಮುಂದಿನ ಚಕ್ರದ ಮೇಲೆ ಕೊಕ್ಕೆ ಹಾಕಬೇಕು. ಈ ವಿಧಾನವನ್ನು ನಾನು ಕೆಲವು ನೆಂಟರಿಷ್ಟರಿಗೆ ಬಾಯಿಮಾತಿನಲ್ಲಿ ಕಲಿಸಿದ್ದೇನೆ. ಬಸ್ಸಿನ ಎದುರು ನಿಂತಾಗ ಒಳಗಿನ ಜನ ಗಾಜಿನ ಮೂಲಕ ನನ್ನನ್ನೇ ನೋಡುತ್ತಿದ್ದರು. ಹಿಡಿಕೆ ಹಿಂಡಿದೆ. ಎಳೆದೆ. ತಳ್ಳಿದೆ. ಮನಸ್ಸಿನಲ್ಲಿ ಪ್ರಾರ್ಥಿಸಿದೆ. ಕೊನೆಗೆ ಶಾಲೆಯ ಹುಡುಗನೊಬ್ಬ ಐಸ್‌ಕ್ರೀಮನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯಲ್ಲಿ ತಟ್ಟೆ ಬಿಚ್ಚಿ, ಸೈಕಲ್ ಇಡಿಸಿ, ನನಗೇ "ಸಾರಿ" ಹೇಳಿ ಹೋದ. ಆಮೇಲೆ ನಾನು ಒಳಗೆ ಕೂತು, ನನ್ನ ಸೈಕಲ್ಲು ಬಸ್ಸಿನ ಮುಂದೆ ಹಿಮಯುಗದ ದಿಬ್ಬವನ್ನು ಸಲೀಸಾಗಿ ಹತ್ತುವುದನ್ನು ನೋಡಿದೆ. ಒಳ್ಳೆಯ ಸೈಕಲ್ಲು, ಅನುಮಾನವೇ ಇಲ್ಲ. ನಿಲ್ದಾಣದಲ್ಲಿ ಅದನ್ನು ಇಳಿಸಿಕೊಂಡು ಹೆಲ್ಮೆಟ್ ಸರಿಮಾಡಿಕೊಳ್ಳುತ್ತಿರುವಾಗ ನಮ್ಮ ಮಹಡಿಯ ಹಿರಿಯರೊಬ್ಬರು ಸಿಕ್ಕಿ "ದೂರ ಹೋಗಿದ್ದಿರೋ?" ಎಂದರು. "ಸರೋವರದವರೆಗೆ" ಎಂದೆ. ಮೆಚ್ಚಿ ಬೆನ್ನು ತಟ್ಟಿದರು. ಅವರು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರದಲ್ಲಿ ಒಂದಕ್ಷರ ಸುಳ್ಳಿಲ್ಲ.

ಹುಡುಗ ಯಾಕೆ ಸಾರಿ ಹೇಳಿದ ಎಂದು ಊರಿನವರು ಕೇಳಬಹುದು. ಈ ದೇಶದಲ್ಲಿ ಕಾಲು ತುಳಿಸಿಕೊಂಡವನೇ ಮೊದಲು ಸಾರಿ ಎನ್ನುತ್ತಾನೆ. ಓಡಾಟ ಮುಗಿಸಿ ಡಿಪೋಗೆ ಮರಳುವ ಖಾಲಿ ಬಸ್ಸು ಕೂಡ ಹಣೆಯ ಮೇಲೆ "ಸಾರಿ, ನಾಟ್ ಇನ್ ಸರ್ವಿಸ್" ಎಂಬ ದೀಪಾಕ್ಷರ ಹೊತ್ತು ಹೋಗುತ್ತದೆ. ಹೀಗೆ ಎಲ್ಲರೂ ಎಲ್ಲದಕ್ಕೂ ಸಾರಿ ಎನ್ನುತ್ತಿದ್ದರೆ ಕೋರ್ಟಿನಲ್ಲಿ ಫಜೀತಿಯಾಗುತ್ತದೆಂದು ಒಂಟಾರಿಯೋದಲ್ಲಿ 2009ರಲ್ಲಿ ಕ್ಷಮಾಪಣೆ ಕಾಯ್ದೆ ಎಂಬುದನ್ನೇ ತಂದರು: ಸಾರಿ ಹೇಳಿದ ಮಾತ್ರಕ್ಕೆ ತಪ್ಪೊಪ್ಪಿಕೊಂಡಂತಲ್ಲ. ಮನೆಯಲ್ಲಿ ಈ ಕಾಯ್ದೆಯ ಆಶ್ರಯ ಪಡೆಯಲು ನಾನು ಪ್ರಯತ್ನಿಸಿದ್ದುಂಟು. ಹೆಂಡತಿಯ ವ್ಯಾಪ್ತಿಗೆ ಅದು ಅನ್ವಯಿಸುವುದಿಲ್ಲವಂತೆ.

ಅವಳ ವಿಷಯಕ್ಕೆ ಬರಬೇಕು. ಅವಳು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿದ್ದಾಳೆ, ನನ್ನ ಕಚೇರಿ ಅದಕ್ಕೆ ಹತ್ತಿರವೇ, ಊರ ನಡುವೆ. ಅವಳು ಡ್ಯಾನ್‌ಫೋರ್ತ್ ರಸ್ತೆಯ ಸೈಕಲ್ ಪಥ ಹಿಡಿದು ಹೋಗುತ್ತಾಳೆ, ನಾನು ಅದೇ ರಸ್ತೆಯ ಪಕ್ಕಕ್ಕೆ ನೆಲದಡಿ ಓಡುವ ಸಬ್‌ವೇಯಲ್ಲಿ. ಡಾನ್ ಕಣಿವೆ ಬಂದಾಗ ಇಬ್ಬರೂ ಒಂದೇ ಸೇತುವೆ ದಾಟುತ್ತೇವೆ, ಪ್ರಿನ್ಸ್ ಎಡ್ವರ್ಡ್ ವಯಾಡಕ್ಟ್. ಅವಳು ಮೇಲಿನ ಅಂತಸ್ತಿನಲ್ಲಿ, ನಾನು ಕೆಳಗಿನದರಲ್ಲಿ. ಈ ಸೇತುವೆ ತೆರೆದದ್ದು 1918ರಲ್ಲಿ. ಮುಂದೊಂದು ದಿನ ಇಲ್ಲಿ ರೈಲು ಬಂದೀತು ಎಂದು ಆಗಲೇ ಕೆಳಗೊಂದು ಅಂತಸ್ತು ಕಟ್ಟಿಟ್ಟಿದ್ದರು. ರೈಲು ಬಂದದ್ದು 1966ರಲ್ಲಿ! ನಲವತ್ತೆಂಟು ವರ್ಷ ಮೊದಲೇ ಯೋಚಿಸಿದ ಎಂಜಿನಿಯರುಗಳನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಹೆಂಡತಿಗೂ ಹೇಳಿದೆ. "ಅಷ್ಟು ಮುಂದಾಲೋಚನೆ ನಿಮಗಿದ್ದಿದ್ದರೆ ರಾತ್ರಿಯೇ ಸಾಕ್ಸು ಹುಡುಕಿ ಇಡ್ತಿದ್ರಿ" ಎಂದಳು.

ಮೇನ್ ಸ್ಟ್ರೀಟಿನಿಂದ ಯಂಗ್ ಬೀದಿಗೆ ರೈಲು ಸೈಕಲ್ಲಿಗಿಂತ ಬೇಗ ಹೋಗುತ್ತದೆ. ಗಣಿತದಲ್ಲಿ ಅನುಮಾನವಿಲ್ಲ. ಆದರೂ ದಿನವೂ ಅವಳೇ ಮೊದಲು ತಲುಪುತ್ತಾಳೆ. ಇದರಲ್ಲಿ ರೈಲಿನ ದೋಷವಿಲ್ಲ. ಜನವರಿಯಲ್ಲಿ ನಾನು ಮನೆಯಿಂದ ಹೊರಡುವ ಕ್ರಮ ಹಾಗಿದೆ. ಒಳಗಿನ ಥರ್ಮಲ್, ಅದರ ಮೇಲೆ ಶರ್ಟು, ಸ್ವೆಟರ್, ಜಾಕೆಟ್, ಮಫ್ಲರ್, ತಲೆಗೆ ಮೈಸೂರಿನಿಂದ ತಂದ ಮಂಕಿ ಕ್ಯಾಪು, ಕೈಗವಸು. ಕೈಗವಸು ಹಾಕಿದ ಮೇಲೆ ಬೂಟಿನ ಲೇಸು ಕಟ್ಟಲಾಗುವುದಿಲ್ಲ, ಬಿಚ್ಚಬೇಕು. ಕಟ್ಟಿದ ಮೇಲೆ ಮನೆಯ ಬೀಗದ ಕೈ ಒಳಗಿನಿಂದ ಎರಡನೆಯ ಜೇಬಿನಲ್ಲಿದೆ ಎಂದು ಗೊತ್ತಾಗುತ್ತದೆ. ಎಲ್ಲ ಮುಗಿದು ಲಿಫ್ಟಿನ ಗುಂಡಿ ಒತ್ತಿದಾಗ ಪ್ರಕೃತಿ ಕರೆಯುತ್ತದೆ. ಅಷ್ಟರಲ್ಲಿ ಅವಳು ಒಂದು ಜಾಕೆಟ್ಟು, ಒಂದು ಟೊಪ್ಪಿ ಹಾಕಿಕೊಂಡು, ಮೊಳೆ ಬಡಿದ ಚಳಿಗಾಲದ ಟೈರಿನ ಮೇಲೆ ಕರಕರ ಸದ್ದು ಮಾಡುತ್ತ ಹೋಗಿ, ಅಲ್ಲಿ ಕಾಫಿ ಕುಡಿದು ಮುಗಿಸಿರುತ್ತಾಳೆ. ಸಂಜೆ ಬಂದು ಸರಪಳಿಯ ಉಪ್ಪನ್ನು ಒರೆಸುವುದು ನನ್ನ ಹಳೆಯ ಜರಿಪಂಚೆಯಲ್ಲಿ. ನಮ್ಮ ಮನೆಯ ಸೈಕಲ್ ಸಂಸ್ಕೃತಿಗೆ ನನ್ನ ಕೊಡುಗೆ ಇಲ್ಲ ಎನ್ನುವವರು ಈ ಪಂಚೆಯನ್ನು ನೋಡಬೇಕು.

ನನ್ನ ಮಂಕಿ ಕ್ಯಾಪಿನ ವಿಚಾರದಲ್ಲಿ ಮಗಳಿಗೂ ಒಂದು ನಿಲುವಿದೆ. ನಮ್ಮ ಲೈನ್ 2ರಲ್ಲಿ ರೈಲಿನ ಬೋಗಿಗಳು ಬೇರೆ ಬೇರೆ. ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ಓಡಾಡುವಂತಿಲ್ಲ. ಅವಳು ಪಕ್ಕದ ಬೋಗಿ ಹತ್ತಿಕೊಂಡು ನೆಮ್ಮದಿಯಾಗಿ ಬರುತ್ತಾಳೆ. ಯಂಗ್ ಬೀದಿಯಡಿ ಓಡುವ ಲೈನ್ 1ರ ರೈಲು ಹೊಸದು, ಆರು ಬೋಗಿಗಳೂ ಒಳಗಿನಿಂದೊಳಗೇ ಸೇರಿಕೊಂಡು ಉದ್ದನೆಯ ಒಂದೇ ಕೋಣೆ. ಅಲ್ಲಿ ನಾನು ಈ ತುದಿಯಿಂದ ಕೂಗಿದರೆ ಆ ತುದಿಗೂ ಕೇಳಿಸುತ್ತದೆ. ಹಾಗಾಗಿ ಅವಳಿಗೆ ಲೈನ್ 2 ಇಷ್ಟ.

ಕಳೆದ ಬೇಸಿಗೆಯಲ್ಲಿ ನಮ್ಮತ್ತೆ ಬಂದರು, ಸೂಪರ್ ವೀಸಾದ ಮೇಲೆ. ಅದು ವೀಸಾದ ಅಧಿಕೃತ ಹೆಸರೇ, ಇಲ್ಲಿ ನೆಲೆಸಿದವರ ತಂದೆ ತಾಯಿಗೆ, ಅಜ್ಜ ಅಜ್ಜಿಗೆ ಕೊಡುವಂಥದ್ದು. ಅಳಿಯಂದಿರಿಗೆ ಅಂಥ ವಿಶೇಷಣದ ಯಾವ ದಾಖಲೆಯೂ ಇಲ್ಲ. ಅತ್ತೆ ಮೈಸೂರಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಬಂದ ಮೊದಲನೆಯ ವಾರವೇ ಅವರನ್ನು ಕೂರಿಸಿಕೊಂಡು ಟೊರಾಂಟೋದ ಸಾರಿಗೆ ವ್ಯವಸ್ಥೆಯ ಪರಿಚಯ ಉಪನ್ಯಾಸ ಕೊಟ್ಟೆ. 1954ರಲ್ಲಿ ಯಂಗ್ ಬೀದಿಯಲ್ಲಿ ದೇಶದ ಮೊದಲ ಸಬ್‌ವೇ ಬಂದದ್ದರಿಂದ ಹಿಡಿದು, ಇಲ್ಲಿನ ಟ್ರಾಮ್ ಹಳಿಗಳ ಅಂತರ 1495 ಮಿಲಿಮೀಟರ್, ಲೋಕದ ರೂಢಿಯ 1435 ಅಲ್ಲ ಎನ್ನುವವರೆಗೆ. ಅವರು ಎಲ್ಲ ಕೇಳಿ, ಹುರುಳಿಕಾಯಿ ನಾರು ತೆಗೆಯುವುದನ್ನು ನಿಲ್ಲಿಸದೆ, "ಟಿಕೆಟ್ ಎಷ್ಟು?" ಎಂದರು.

ಇಲ್ಲಿ ಪ್ರೆಸ್ಟೊ ಎಂಬ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು. ದೊಡ್ಡವರಿಗೆ 3 ಡಾಲರ್ 30 ಸೆಂಟು, ಹಿರಿಯರಿಗೆ ಅದಕ್ಕಿಂತ ಕಡಿಮೆ. ಅತ್ತೆಗೆ ಅವಮಾನವಾಯಿತು. ಕರ್ನಾಟಕದಲ್ಲಿ 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿ. "ಆಧಾರ್ ತೋರಿಸಿ ಬೆಂಗಳೂರಿಗೆ ಹೋಗಿ ತಂಗಿ ಮನೇಲಿ ಊಟ ಮಾಡಿಕೊಂಡು ಬರ್ತೀನಿ, ಒಂದು ಪೈಸಾ ಇಲ್ಲ. ಇಲ್ಲಿ ಕೊತ್ತಂಬರಿ ಸೊಪ್ಪಿಗೆ ಹೋಗೋಕೂ ದುಡ್ಡಾ? ಶ್ರೀಮಂತ ದೇಶ ಅಂತ ಯಾರಪ್ಪ ಹೇಳಿದ್ದು?" ಅವರನ್ನು ಸಮಾಧಾನಪಡಿಸಲೆಂದು ಬಾಯಿತಪ್ಪಿ ಹೇಳಿದೆ, 2018ರಿಂದ ಒಂದು ಸಲ ಕಾರ್ಡು ತೋರಿಸಿದರೆ ಎರಡು ಗಂಟೆ ಕಾಲ ಎಷ್ಟು ಸಲವಾದರೂ, ಯಾವ ದಿಕ್ಕಿಗಾದರೂ ಹತ್ತಿ ಇಳಿಯಬಹುದು ಎಂದು.

ಹುರುಳಿಕಾಯಿ ನಿಂತಿತು. "ಯಾವ ದಿಕ್ಕಿಗಾದರೂ?"

ಆ ದಿನದಿಂದ ನಮ್ಮ ಮನೆಯ ಗಡಿಯಾರಕ್ಕೆ ಹೊಸ ಕೆಲಸ ಬಂತು. ಮೇನ್ ಸ್ಟ್ರೀಟ್ ನಿಲ್ದಾಣದಿಂದಲೇ 506ನೇ ಟ್ರಾಮ್ ಹೊರಟು ಜೆರಾರ್ಡ್ ಬೀದಿಯ ಇಂಡಿಯಾ ಬಜಾರಿನ ಎದುರಿಗೇ ನಿಲ್ಲುತ್ತದೆ. ಕಾರ್ಡು ಕುಕ್ಕಿದ ಕ್ಷಣದಿಂದ ಅತ್ತೆಯ ಲೆಕ್ಕ ಶುರು. ಕರಿಬೇವು, ಮೆಂತ್ಯದ ಸೊಪ್ಪು, ಎರಡು ತೆಂಗಿನಕಾಯಿ ಕುಟ್ಟಿ ನೋಡಿ ಆರಿಸಿಕೊಂಡು, ಅಂಗಡಿಯವನಿಗೆ ಮಗಳ ಮದುವೆ ಯಾವಾಗ ಎಂದು ವಿಚಾರಿಸಿ, ಮರಳಿ ಟ್ರಾಮ್ ಹತ್ತಿ ನಿಲ್ದಾಣಕ್ಕೆ ಬಂದರೆ ಇನ್ನೂ ನಲವತ್ತು ನಿಮಿಷ ಮಿಕ್ಕಿರುತ್ತಿತ್ತು. ಬೇರೆಯವರಾಗಿದ್ದರೆ ಮನೆಗೆ ಬರುತ್ತಿದ್ದರು. ರಾತ್ರಿ ಮಿಕ್ಕ ಅನ್ನವನ್ನು ಬೆಳಗ್ಗೆ ಚಿತ್ರಾನ್ನ ಮಾಡಿ ಮುಗಿಸುವ ಹಾಗೆ ಅತ್ತೆ ಆ ನಿಮಿಷಗಳನ್ನೂ ಮುಗಿಸುತ್ತಿದ್ದರು: ಎದುರಿಗೆ ಬಂದ ಬಸ್ಸು ಹತ್ತಿ, ನೀಲಿ ಬಣ್ಣದ ಹಿರಿಯರ ಸೀಟಿನಲ್ಲಿ ಕೂತು, ಅದು ಹೋದಲ್ಲಿಗೆ ಹೋಗಿ, ಬಂದಲ್ಲಿಗೆ ಬಂದು. ತಿಂಗಳಾಗುವಷ್ಟರಲ್ಲಿ ಸ್ಕಾರ್ಬರೋದ ಸಂದಿಗೊಂದಿಗಳು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿದ್ದವು. "ವಾರ್ಡನ್ ಹತ್ತಿರ ಒಂದು ಕಡೆ ನುಗ್ಗೆಕಾಯಿ ಅಗ್ಗ" ಎಂದು ಅವರು ಹೇಳಿದಾಗ ನಾನು ವಾರ್ಡನ್ ರಸ್ತೆಯ ವಾಹನ ದಟ್ಟಣೆಯ ಕಾರಣಗಳನ್ನು ಹೇಳಿದೆ.

ಟ್ರಾಮ್ ಬಗ್ಗೆ ಅವರಿಗೆ ವಿಶೇಷ ಅಭಿಮಾನ ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಹಳಿ ರಸ್ತೆಯ ನಡುವೆ ಇರುವುದರಿಂದ ಇಳಿಯುವವರು ನೇರ ರಸ್ತೆಗೇ ಕಾಲಿಡಬೇಕು. ಟ್ರಾಮಿನ ಬಾಗಿಲು ತೆರೆದಿರುವಷ್ಟು ಹೊತ್ತು ಹಿಂದಿನ ಕಾರುಗಳೆಲ್ಲ ನಿಲ್ಲಲೇಬೇಕೆಂದು ಕಾನೂನು. ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದರಲ್ಲಿ ಸೀರೆಯ ನೆರಿಗೆ ಹಿಡಿದು ಅತ್ತೆ ಇಳಿಯುತ್ತಿದ್ದರೆ ಬಲಕ್ಕೆ ಒಂದು ಸಾಲು ಕಾರುಗಳು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದವು. ಅವರು ನಿಧಾನವಾಗಿ ದಾಟಿ, ಪಾದಚಾರಿ ದಾರಿ ತಲುಪಿ, ಹಿಂತಿರುಗಿ ನೋಡಿ, ತರಗತಿಗೆ ಕೂರಲು ಅಪ್ಪಣೆ ಕೊಡುವ ಮುಖ್ಯೋಪಾಧ್ಯಾಯಿನಿಯ ಗತ್ತಿನಲ್ಲಿ ತಲೆಯಾಡಿಸುತ್ತಿದ್ದರು.

ಬಸ್ಸು ಇಳಿಯುವಾಗ ಡ್ರೈವರಿಗೆ "ಥ್ಯಾಂಕ್ ಯೂ" ಹೇಳುವುದು ಇಲ್ಲಿನ ರೂಢಿ. ಹಿಂದಿನ ಬಾಗಿಲಲ್ಲಿ ಇಳಿಯುವವರೂ ಅಲ್ಲಿಂದಲೇ ಕೂಗಿ ಹೇಳುತ್ತಾರೆ. ಅತ್ತೆಗೆ ಇದು ಬಹಳ ಹಿಡಿಸಿತು. ಹೊಸ ಟ್ರಾಮುಗಳಲ್ಲಿ ಡ್ರೈವರ್ ಮುಚ್ಚಿದ ಕೋಣೆಯೊಳಗಿರುತ್ತಾನೆ, ಕೇಳಿಸುವುದಿಲ್ಲ. ಅಲ್ಲಿ ಅವರು ಕಾರ್ಡು ಕುಕ್ಕುವ ಯಂತ್ರಕ್ಕೆ ಹೇಳಿ ಇಳಿಯುತ್ತಿದ್ದರು.

ಆ ಬೇಸಿಗೆಯಲ್ಲೇ ಮಿಸಿಸಾಗದಲ್ಲಿ ಒಬ್ಬ ಸ್ನೇಹಿತರ ಮನೆಯಲ್ಲಿ ಕನ್ನಡದವರ ಪಾಟ್‌ಲಕ್ ಊಟ ಇತ್ತು. ನಮ್ಮ ಮನೆಯಿಂದ ಮಿಸಿಸಾಗ ಎಂದರೆ ಲೈನ್ 2ರ ಪೂರ್ವದಿಂದ ಪಶ್ಚಿಮದ ಕೊನೆಯವರೆಗೆ, ಅಲ್ಲಿಂದ ಮುಂದೆ ಬಸ್ಸು. 2024ರ ಫೆಬ್ರುವರಿಯಿಂದ ಟೊರಾಂಟೋ ದಾಟಿ ಪಕ್ಕದ ಊರಿನ ಬಸ್ಸು ಹತ್ತಿದರೂ ಎರಡನೆಯ ಟಿಕೆಟ್ ಬೇಕಿಲ್ಲ. ಈ ಸಂಗತಿಯನ್ನು ಅತ್ತೆಗೆ ಹೇಳಿದವನೂ ನಾನೇ. ಬಿಸಿಬೇಳೆಬಾತಿನ ಪಾತ್ರೆಯನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋದೆವು. ಬೋಗಿಯಲ್ಲಿ ಇಂಗಿನ ವಾಸನೆ ಹಬ್ಬಿ ಎದುರು ಕೂತಿದ್ದ ತರುಣ ಇಯರ್‌ಫೋನ್ ತೆಗೆದು ಇದೇನೆಂದು ಕೇಳಿದ. ಅತ್ತೆ ಅವನಿಗೆ ಕನ್ನಡದಲ್ಲೇ ಪಾಕವಿಧಾನ ಹೇಳಿದರು.

ಊಟಕ್ಕೆ ಬಂದ ಉಳಿದವರೆಲ್ಲ ಏಳೇಳು ಸೀಟಿನ ಕಾರುಗಳಲ್ಲಿ ಬಂದಿದ್ದರು. ಮಾತು ಸೈಕಲ್ ಪಥಗಳ ಕಡೆ ತಿರುಗಿತು, ತಿರುಗಿಸಿದ್ದು ನಾನೇ. ಬ್ಲೂರ್, ಯಂಗ್, ಯೂನಿವರ್ಸಿಟಿ ಬೀದಿಗಳ ಸೈಕಲ್ ಪಥಗಳನ್ನು ಕಿತ್ತುಹಾಕಬೇಕೆಂದು ಪ್ರಾಂತ್ಯ ಸರ್ಕಾರ 2024ರಲ್ಲಿ ಕಾನೂನು ತಂದದ್ದು, ಸೈಕಲ್ಲಿನವರು ಕೋರ್ಟಿಗೆ ಹೋದದ್ದು, 2025ರ ಜುಲೈಯಲ್ಲಿ ನ್ಯಾಯಾಧೀಶರು ಅದು ಸವಾರರ ಪ್ರಾಣದ ಹಕ್ಕಿಗೆ ವಿರುದ್ಧ, ಸಂವಿಧಾನಕ್ಕೆ ಹೊಂದುವುದಿಲ್ಲ ಎಂದದ್ದು, ಸರ್ಕಾರ ಮೇಲ್ಮನವಿಗೆ ಹೊರಟದ್ದು, ಎಲ್ಲವನ್ನೂ ಕೋಸಂಬರಿಯಿಂದ ಹೋಳಿಗೆಯವರೆಗೆ ಹರಡಿ ಹೇಳಿದೆ. ಒಂದು ಲೇನು ಹೆಚ್ಚು ಮಾಡಿದರೆ ಅಷ್ಟೇ ಕಾರು ಹೆಚ್ಚಾಗುತ್ತವೆ ಎಂದೆ. 401ನೇ ಹೆದ್ದಾರಿಯನ್ನೇ ಉದಾಹರಣೆಯಾಗಿ ಕೊಟ್ಟೆ. ನನ್ನ ಸ್ವರ ಏರಿತ್ತು. ಯಾರೋ, "ನೀವು ಬ್ಲೂರ್ ಪಥದಲ್ಲಿ ದಿನಾ ಹೋಗ್ತೀರಾ?" ಎಂದು ಭಕ್ತಿಯಿಂದಲೇ ಕೇಳಿದರು. "ನಮ್ಮ ಮನೆಯಿಂದ ಹೋಗ್ತೇವೆ" ಎಂದೆ. ಹೆಂಡತಿ ಏನೂ ಹೇಳಲಿಲ್ಲ. ನನ್ನ ತಟ್ಟೆಯಲ್ಲಿದ್ದ ಬದನೆಕಾಯಿ ಎಣ್ಣೆಗಾಯಿಯನ್ನು ಒಮ್ಮೆ ದಿಟ್ಟಿಸಿ ನೋಡಿದಳು. ಕನ್ನಡದವರೇ ತುಂಬಿದ್ದ ಮನೆ. ಆಚಾರಕ್ಕೂ ಬದನೆಕಾಯಿಗೂ ಇರುವ ಸಂಬಂಧ ಅಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ರಾತ್ರಿ ಹತ್ತಾಗಿತ್ತು. ಮಳೆ ಹಿಡಿದುಕೊಂಡಿತು. ಏಳು ಸೀಟಿನ ಕಾರಿನವರೊಬ್ಬರು ಸ್ಕಾರ್ಬರೋ ಕಡೆಯವರೆಂದು ತಿಳಿಯಿತು. ನಾನು ಕೇಳಲಿಲ್ಲ. "ಮಳೆ ಜೋರಾಯ್ತು ಅಲ್ವಾ" ಎಂದಷ್ಟೇ ನಾಲ್ಕೈದು ಸಲ ಅಂದೆ. ಅವರ ಕಾರಿನಲ್ಲಿ ಸೀಟು ಬೆಚ್ಚಗಾಗುವ ಏರ್ಪಾಡಿತ್ತು. 401ನೇ ಹೆದ್ದಾರಿಯಲ್ಲಿ ಬರುವಾಗ ಮುಂದಿನ ಸೀಟಿನಲ್ಲಿ ಕೂತು, ಇಷ್ಟು ಅಗಲದ ರಸ್ತೆ ಊರಿಗೆ ಎಷ್ಟು ಮಾರಕ ಎಂಬ ನನ್ನ ವಾದದ ಉಳಿದ ಭಾಗವನ್ನು ಅವರಿಗೆ ಪೂರ್ತಿ ಮಾಡಿದೆ. ಅರ್ಧಕ್ಕೆ ಬಿಟ್ಟು ಬರುವುದು ನನ್ನ ಜಾಯಮಾನವಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಸಿಟ್ಟಾಗಿದ್ದರು. ಕಾರಣ ಬೇರೆ: ಟಿಕೆಟ್ ಇಲ್ಲದೆ ಬಂದದ್ದರಿಂದ ಎರಡು ಗಂಟೆಯ ಸೌಲಭ್ಯ ಅವತ್ತು ಒಂದೇ ಕಡೆಗೆ ಬಳಕೆಯಾಗಿತ್ತು.

ಅತ್ತೆ ಸೆಪ್ಟೆಂಬರಿನಲ್ಲಿ ವಾಪಸು ಹೋದರು, ನವರಾತ್ರಿಗೆ ಸರಿಯಾಗಿ ಮೈಸೂರಲ್ಲಿರಬೇಕೆಂದು. ಹೋಗುವ ಮುನ್ನ ನನ್ನ ಸೈಕಲ್ಲಿನ ಮೇಲೆ ಹಳೆ ಸೀರೆ ಹರವಿ ಅಕ್ಕಿ ಸಂಡಿಗೆ ಒಣಗಿಸಿ ಡಬ್ಬಿ ತುಂಬಿಸಿಟ್ಟರು. ಅಷ್ಟರಲ್ಲಿ ಮಗಳಿಗೆ ಹದಿಮೂರು ತುಂಬಿತು. ಈ ಊರಿನಲ್ಲಿ ಹನ್ನೆರಡರವರೆಗೆ ಮಕ್ಕಳಿಗೆ ಬಸ್ಸು, ಸಬ್‌ವೇ ಎಲ್ಲ ಬಿಟ್ಟಿ. ಹುಟ್ಟುಹಬ್ಬದ ಮರುದಿನ ಅವಳು ಲೆಕ್ಕದ ಪುಸ್ತಕ ತಂದು ಕೂತಳು. ತಿಂಗಳಿಗೆ ಟಿಕೆಟ್ಟಿಗೆ ಇಷ್ಟಾಗುತ್ತದೆ, ಸೈಕಲ್ಲಿನಲ್ಲಿ ಹೋದರೆ ಉಳಿಯುತ್ತದೆ, ತನ್ನ ಸೈಕಲ್ಲು ಕಾಲಿಗೆ ಚಿಕ್ಕದಾಯಿತು, ಬಾಲ್ಕನಿಯಲ್ಲಿ ಒಂದಿದೆ. ಗಂಟೆ, ದೀಪ, ಪಟ್ಟಿ ಎಲ್ಲ ಕಾನೂನು ಪ್ರಕಾರ ಇದೆಯೆಂದು ನೀವೇ ಹೇಳಿದ್ದೀರಲ್ಲ, ಎಂದಳು. ನಾನು ಕಳ್ಳರ ಕಥೆ ಎತ್ತಿದೆ. ಟ್ರಾಮ್ ಹಳಿಗೆ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ, ಲಂಬಕೋನದಲ್ಲೇ ದಾಟಬೇಕು ಎಂದೆ. "ಡ್ಯಾನ್‌ಫೋರ್ತಿನಲ್ಲಿ ಹಳಿಯೇ ಇಲ್ಲವಲ್ಲ" ಎಂದಳು ತಾಯಿ. ನಾನು ಹೇಳುತ್ತಿದ್ದದ್ದು ಸಾಮಾನ್ಯ ತತ್ವ. ಯಾರೂ ಕೇಳಿಸಿಕೊಳ್ಳಲಿಲ್ಲ, ಒಬ್ಬಳು ಸೀಟು ತಗ್ಗಿಸುತ್ತಿದ್ದಳು, ಇನ್ನೊಬ್ಬಳು ಪಕ್ಕಚೀಲದಿಂದ ಈರುಳ್ಳಿ ತೆಗೆಯುತ್ತಿದ್ದಳು. ಕೊನೆಗೆ ಆಯುಧಪೂಜೆಯ ದಿನ ಸೈಕಲ್ಲಿನ ಮುಂದೆ ಕೂರುವ ಹಕ್ಕು ನನ್ನದೇ ಎಂಬ ಷರತ್ತಿನ ಮೇಲೆ ಒಪ್ಪಿದೆ. ಟವಲ್ಲುಗಳಿಗೆ ಬೇರೆ ವ್ಯವಸ್ಥೆ ಆಗಬೇಕು, ಆ ಬಗ್ಗೆ ಅಧ್ಯಯನ ನಡೆಸಿದ್ದೇನೆ.

ಮೊನ್ನೆ ರಾತ್ರಿ ನಮಗೆ ಹನ್ನೆರಡರ ಹತ್ತಿರ ಮೈಸೂರಿನಿಂದ ಫೋನು. ಅಲ್ಲಿ ಬೆಳಗ್ಗೆ. ಅತ್ತೆ ಬಸ್ ಸ್ಟಾಪಿನಲ್ಲಿದ್ದರು. ಅಲ್ಲಿಯೂ ಈಗ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರಂತೆ, ಮೊದಲ ದಿನ ಆತ ಗಾಬರಿಯಾಗಿ "ಯಾಕಮ್ಮಾ, ಸ್ಟಾಪು ತಪ್ಪಿತಾ?" ಎಂದು ಕೇಳಿದನಂತೆ, ಈಗ ಇವರು ಬರುವುದು ಕಂಡರೆ ಅರ್ಧ ನಿಮಿಷ ನಿಲ್ಲಿಸಿಕೊಳ್ಳುತ್ತಾನಂತೆ. ಹೆಂಡತಿಯ ಜತೆ ಇದನ್ನೆಲ್ಲ ಮಾತಾಡಿದ ಮೇಲೆ, "ಇವತ್ತು ಇಪ್ಪತ್ತು ನಿಮಿಷ ಆಯ್ತು, ಬಸ್ಸೇ ಇಲ್ಲ. ಅವರನ್ನ ಕರಿ, ಯಾಕೆ ಅಂತ ಅವರಿಗೆ ಗೊತ್ತಿರುತ್ತೆ" ಎಂದರು.

ಇಂಥ ಕರೆಗಾಗಿ ನಾನು ಎಷ್ಟು ವರ್ಷದಿಂದ ಕಾದಿದ್ದೆ! ಫೋನು ಕಿತ್ತುಕೊಂಡೆ. "ನೋಡಿ ಅತ್ತೆ, ಒಂದು ಬಸ್ಸು ಸ್ವಲ್ಪ ತಡವಾಯ್ತು ಅಂದುಕೊಳ್ಳಿ. ಆಗ ಮುಂದಿನ ಸ್ಟಾಪಲ್ಲಿ ಜನ ಜಾಸ್ತಿ ಸೇರಿರ್ತಾರೆ. ಅವರೆಲ್ಲ ಹತ್ತೋಕೆ ಇನ್ನಷ್ಟು ಹೊತ್ತು. ಅದರಿಂದ ಬಸ್ಸು ಇನ್ನಷ್ಟು ತಡ, ಮುಂದಿನ ಸ್ಟಾಪಲ್ಲಿ ಇನ್ನಷ್ಟು ಜನ. ಹಿಂದಿನ ಬಸ್ಸಿಗೆ ಜನವೇ ಸಿಗಲ್ಲ, ಅದು ಬೇಗ ಬೇಗ ಬಂದು ಮುಂದಿನದನ್ನ ಹಿಡಿದುಬಿಡುತ್ತೆ. ಲೋಕದಲ್ಲಿ ಎಲ್ಲಾ ಊರಲ್ಲೂ ಇದೇ ಕಥೆ, ಇದನ್ನ ತಡೆಯೋಕೆ ಮೂರು ವಿಧಾನ ಇವೆ, ಮೊದಲನೇದು..."

"ತಡೀರಿ, ಬಂತು" ಎಂದರು ಅತ್ತೆ. "ಅಯ್ಯೋ, ಕಾಲಿಡೋಕೂ ಜಾಗ ಇಲ್ಲ. ಹಿಂದೇನೇ ಇನ್ನೊಂದು ಬರ್ತಿದೆ, ಪೂರ್ತಿ ಖಾಲಿ. ಅದಕ್ಕೇ ಹತ್ತುತೀನಿ, ಇಡ್ತೀನಿ."